ಕ್ರೂಸ್‌ನಲ್ಲಿ ಕ್ಯಾಬಿನ್ ಸಿಬ್ಬಂದಿಗೆ ಟಿಪ್ಸ್ ಕೊಡುವ ಮುನ್ನ

ಮೊದಲು ನಿಮ್ಮ ಬಿಲ್ ನೋಡಿ. ಬಹಳಷ್ಟು ಹಡಗುಗಳಲ್ಲಿ ಪ್ರತಿ ದಿನಕ್ಕೆ, ಪ್ರತಿಯೊಬ್ಬ ಪ್ರಯಾಣಿಕರಿಗೆ ಇಷ್ಟು ಅಂತ ಟಿಪ್ಸ್ ತಾನಾಗಿಯೇ ಸೇರಿರುತ್ತದೆ. ಕೆಲವು ಕಡೆ ಟಿಕೆಟ್ ದರದಲ್ಲೇ ಬಂದುಬಿಡುತ್ತದೆ. ಆ ಹಣ ಕಣ್ಣಿಗೆ ಬೀಳದೆ ದುಡಿಯುವವರಿಗೂ, ಲಾಂಡ್ರಿಯವರಿಗೂ ಹಂಚಿಹೋಗಬಹುದು. ಹಾಗಾಗಿ ಸುಮ್ನೆ ಅದನ್ನು ತೆಗೆಸಿಹಾಕಬೇಡಿ.

ಅದರ ಮೇಲೆ ಕೊಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ನಾನಂತೂ ಕೊಡುತ್ತೇನೆ. ನಮ್ಮ ಕ್ಯಾಬಿನ್ ಸಿಬ್ಬಂದಿ ಒಬ್ಬರೇ ಎಷ್ಟೋ ಕೋಣೆ ನೋಡಿಕೊಳ್ಳುತ್ತಾರೆ, ತಿಂಗಳುಗಟ್ಟಲೆ ಮನೆಯಿಂದ ದೂರ ಇರುತ್ತಾರೆ. ಚಿಕ್ಕ ನೋಟುಗಳನ್ನು ಮನೆಯಿಂದಲೇ ತನ್ನಿ. ಹಡಗಿನಲ್ಲಿ ನಡೆಯುವ ಕರೆನ್ಸಿಯೇ ಇರಲಿ, ನಾಣ್ಯ ಬೇಡ. ಕೊನೆಯ ಸಂಜೆಯೇ ಕೈಗೆ ಕೊಟ್ಟುಬಿಡಿ. ಇಳಿಯುವ ಬೆಳಿಗ್ಗೆ ಗಡಿಬಿಡಿಯಲ್ಲಿ ಅವರು ಸಿಗುವುದೇ ಕಷ್ಟ. ಕೋಣೆಯಲ್ಲೇ ಇಡುವುದಾದರೆ ಕವರ್ ಮೇಲೆ ಅವರ ಹೆಸರು ಬರೆಯಿರಿ. ಬರೀ ನೋಟು ಇದ್ದರೆ ಮರೆತು ಹೋಗಿರಬೇಕು ಅಂತ ಮುಟ್ಟದೇ ಇರಬಹುದು.

ಇನ್ನೊಂದು ಮಾತು. ಪ್ರವಾಸದ ಕೊನೆಯಲ್ಲಿ ಬರುವ ಅಭಿಪ್ರಾಯದ ಫಾರ್ಮ್‌ನಲ್ಲಿ ಅವರ ಹೆಸರು, ನಿಮ್ಮ ಕೋಣೆ ಸಂಖ್ಯೆ, ಅವರು ಮಾಡಿದ ಒಂದು ಒಳ್ಳೆ ಕೆಲಸ ಬರೆಯಿರಿ. ಮೇಲಿನವರು ಅದನ್ನು ಓದುತ್ತಾರೆ, ಬಡ್ತಿಗೂ ನೆರವಾಗಬಹುದು. ಹೆಸರನ್ನು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಕೊನೆಗೆ ನೆನಪಾಗುವುದಿಲ್ಲ ಅಲ್ವಾ?