ಬೆಂಬಲ ಬೆಲೆಗೆ ರಾಗಿ ಬಿಡಬೇಕಾ? ಕಣಕ್ಕಿಂತ ಮೊದಲು ಮೊಬೈಲ್ ನೋಡಿ

ಬೆಂಬಲ ಬೆಲೆಗೆ ಸರ್ಕಾರಿ ಖರೀದಿ ಕೇಂದ್ರಕ್ಕೆ ರಾಗಿ ಬಿಡುವವರು ಸಾಮಾನ್ಯವಾಗಿ ಓಡಾಡಲು ಶುರು ಮಾಡುವುದು ಕಣದ ಕೆಲಸ ಮುಗಿದ ಮೇಲೆ. ಅಷ್ಟೊತ್ತಿಗೆ ಎಷ್ಟೋ ಸಲ ಕೆಲಸ ಕೆಟ್ಟಿರುತ್ತದೆ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ ನಿಗದಿ ಮಾಡಿತ್ತು. ಅದರ ಹಿಂದಿನ ವರ್ಷ 4,290 ಇತ್ತು. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಸಾವಿರ ಕಡಿಮೆ ಕೇಳಿದ ಅಂದುಕೊಳ್ಳಿ, 20 ಕ್ವಿಂಟಲ್ ಇದ್ದವರಿಗೆ 20 ಸಾವಿರ ಹೋಯಿತು ಅಲ್ವಾ?

ಮೊದಲ ಕೆಲಸ ಇರುವುದು ರಾಗಿ ಇನ್ನೂ ಹೊಲದಲ್ಲಿ ನಿಂತಿರುವಾಗ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಎದುರು ರಾಗಿ ಅಂತಲೇ ದಾಖಲಾಗಿರಬೇಕು. ಆ್ಯಪ್‌ನಲ್ಲಿ ನೀವೇ ಹೊಲದಲ್ಲಿ ನಿಂತು ಫೋಟೋ ಹಾಕಬಹುದು, ಇಲ್ಲದಿದ್ದರೆ ಊರಿನ ಸಮೀಕ್ಷೆ ಹುಡುಗರು ಮಾಡುತ್ತಾರೆ. ಅವರು ಮಾಡಿದರು ಅಂತ ಸುಮ್ನೆ ಇರಬೇಡಿ. ನಮ್ಮ ಒಂದು ಸರ್ವೆ ನಂಬರ್‌ಗೆ ಮುಸುಕಿನ ಜೋಳ ಅಂತ ಹತ್ತಿಬಿಟ್ಟಿತ್ತು. ಹೊಲದಲ್ಲಿ ರಾಗಿ ತೆನೆ ತೂಗುತ್ತಿದೆ, ಮೊಬೈಲ್‌ನಲ್ಲಿ ಜೋಳ! 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನೋಡಿದ್ದಕ್ಕೆ ಗೊತ್ತಾಯಿತು, ಅಲ್ಲೇ ಆಕ್ಷೇಪಣೆ ಹಾಕಿ, ಎರಡು ಸಲ ಆಫೀಸಿಗೂ ಅಲೆದು, ಕೊನೆಗೆ ಸರಿ ಮಾಡಿಸಿದೆವು. ಕಟಾವಾದ ಮೇಲೆ ಗೊತ್ತಾಗಿದ್ದರೆ ಕೂಳೆ ತೋರಿಸಿ ವಾದ ಮಾಡಬೇಕಿತ್ತು.

ಆಮೇಲೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ನಂಬರ್. ಎಫ್‌ಐಡಿ ಅಂತಾರಲ್ಲ, ಅದೇ. ಇಲ್ಲದಿದ್ದರೆ ಆಧಾರ್, ಪಹಣಿ, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಇದ್ದವರೂ ಒಂದು ನೋಡಬೇಕು: ಎಲ್ಲಾ ಸರ್ವೆ ನಂಬರ್ ಅದಕ್ಕೆ ಸೇರಿದೆಯಾ? ರಾಗಿ ಎಷ್ಟು ತೆಗೆದುಕೊಳ್ಳುತ್ತಾರೆ ಅನ್ನುವುದು ಎಕರೆ ಲೆಕ್ಕದ ಮೇಲೆ, ಹಾಗಾಗಿ ಬಿಟ್ಟುಹೋದ ನಂಬರ್ ಅಂದರೆ ಬಿಟ್ಟುಹೋದ ಚೀಲ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ಕಷ್ಟ, ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸದೆ ದಾರಿಯಿಲ್ಲ.

ನೋಂದಣಿ ದಿನಾಂಕ ಪ್ರತಿ ವರ್ಷ ಪ್ರಕಟಿಸುತ್ತಾರೆ. ಸಾಮಾನ್ಯವಾಗಿ ನೋಂದಣಿ ಮೊದಲು, ಖರೀದಿ ಹೊಸ ವರ್ಷ ಬಂದ ಮೇಲೆ. ನೋಂದಣಿ ಶುರುವಾದ ಮೊದಲ ವಾರವೇ ಖರೀದಿ ಕೇಂದ್ರಕ್ಕೆ ಹೋಗಿ, ಜೊತೆಗೆ ಖಾತೆದಾರರನ್ನೇ ಕರೆದುಕೊಂಡು ಹೋಗಿ, ಯಾಕೆಂದರೆ ಹೆಬ್ಬೆಟ್ಟು ಕೇಳುತ್ತಾರೆ. ನಮ್ಮಪ್ಪನ ಹೆಬ್ಬೆರಳು ಕುಡುಗೋಲು ಹಿಡಿದು ಸವೆದುಹೋಗಿದೆ, ಮಿಷನ್ ಒಪ್ಪಲೇ ಇಲ್ಲ. ಕೈ ತೊಳೆಸಿದರು, ತಲೆಗೆ ಉಜ್ಜಿಕೊಳ್ಳಿ ಅಂದರು, ಏಳನೇ ಸಲಕ್ಕೆ ಬೇರೆ ಬೆರಳು ಹತ್ತಿತು. ವಯಸ್ಸಾದವರಿದ್ದರೆ ಮೊದಲೇ ಆಧಾರ್ ಸೆಂಟರ್‌ನಲ್ಲಿ ಬೆರಳಚ್ಚು ಅಪ್‌ಡೇಟ್ ಮಾಡಿಸಿಬಿಡಿ. ಚೀಲ ಅವರೇ ಕೊಡುತ್ತಾರಾ, ನಾವು ತರಬೇಕಾ ಅಂತಲೂ ಅವತ್ತೇ ಕೇಳಿಕೊಳ್ಳಿ.

ಇನ್ನು ರಾಗಿ. ತೇವ ಶೇ. 12 ದಾಟಬಾರದು, ಕಲ್ಲು ಮಣ್ಣು ಕಸ ಶೇ. 1ಕ್ಕಿಂತ ಜಾಸ್ತಿ ಇರಬಾರದು. ಟಾರ್ ರೋಡಿನ ಮೇಲೆ ಒಕ್ಕಣೆ ಮಾಡಿದ ರಾಗಿಯಲ್ಲಿ ಸಣ್ಣ ಜಲ್ಲಿ ಸೇರಿಕೊಂಡಿರುತ್ತದೆ, ತೂರಿದರೆ ಹೋಗಲ್ಲ, ಜರಡಿ ಹಿಡಿಯಲೇಬೇಕು. ಟಾರ್ಪಲ್ ಮೇಲೆ ಎರಡು ಮೂರು ದಿನ ಒಳ್ಳೆ ಬಿಸಿಲಿಗೆ ಹರಡಿ. ಕೇಂದ್ರದಲ್ಲಿ ಗುಣಮಟ್ಟ ನೋಡುವ ಗ್ರೇಡರ್ ಚೀಲಕ್ಕೆ ಬಂಬು (ಕಾಳು ತೆಗೆಯುವ ಚೂಪು ಕೊಳವೆ) ಚುಚ್ಚಿ ನಡುವಿನಿಂದ ತೆಗೆದು ನೋಡುತ್ತಾರೆ, ಹಾಗಾಗಿ ಚೆನ್ನಾಗಿರುವುದನ್ನು ಬಾಯಿಗೆ ತುಂಬುವ ಜಾಣತನ ನಡೆಯಲ್ಲ. ವಾಪಸ್ ಕಳಿಸಿದರೆ ಗಾಡಿ ಬಾಡಿಗೆ ಎರಡು ಸಲ ನಿಮ್ಮದೇ.

ತೂಕ ಆದ ಮೇಲೆ ರಸೀದಿ ಇಸಿದುಕೊಳ್ಳದೆ ಬರಬೇಡಿ. ಅಲ್ಲೇ ಒಂದು ಫೋಟೋ ಹೊಡೆದುಕೊಳ್ಳಿ.

ಮತ್ತೆ ಒಂದು ಮಾತು. "ನಿಮ್ಮ ಎಫ್‌ಐಡಿ ಕೊಡಿ ಸಾಕು, ಚೀಲಕ್ಕೆ ಇಷ್ಟು ಕೊಡ್ತೀನಿ" ಅಂತ ಬರುವವರಿಗೆ ಕೊಡಬೇಡಿ. ಅವರ ರಾಗಿ ನಿಮ್ಮ ಹೆಸರಲ್ಲಿ ಹೋಗುತ್ತದೆ, ನಾಳೆ ವಿಚಾರಣೆ ಬಂದರೆ ಉತ್ತರ ಕೊಡಬೇಕಾದವರು ನೀವು.

ದುಡ್ಡು ಬರುವುದು ಆಧಾರ್‌ಗೆ ಜೋಡಿಸಿದ ಖಾತೆಗೆ, ನೀವು ಪಾಸ್‌ಬುಕ್ ಕೊಟ್ಟ ಖಾತೆಗೇ ಬರುತ್ತದೆ ಅನ್ನುವ ಹಾಗಿಲ್ಲ. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗಿರುತ್ತದೆ. ತಿಂಗಳಾದರೂ ಬರಲಿಲ್ಲ ಅಂತ ಬೈಯುವ ಮೊದಲು ಹಳೇ ಖಾತೆಗಳನ್ನೂ ಒಮ್ಮೆ ನೋಡಿ. ನಮ್ಮದು ಅಪ್ಪ ಮರೆತೇಬಿಟ್ಟಿದ್ದ ಒಂದು ಖಾತೆಯಲ್ಲಿ ಆರಾಮಾಗಿ ಕೂತಿತ್ತು.