ಜಖಂ ಆದ ಕಾರನ್ನು ಗುಜರಿಗೆ ಕೊಡುವಾಗ

ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಕಾರು ನಜ್ಜುಗುಜ್ಜಾಗಿ ಗ್ಯಾರೇಜ್ ಸೇರಿತೆಂದರೆ ಗುಜರಿಯವರು ವಿಚಾರಿಸಿಕೊಂಡು ಬರುತ್ತಾರೆ. 'ಆರ್‌ಸಿ ಸಮೇತ ಕೊಟ್ರೆ ಇನ್ನೊಂದಿಷ್ಟು ಸೇರಿಸ್ತೀವಿ' ಎಂದರೆ ಹುಷಾರಾಗಿ. ತೂಕಕ್ಕೆ ಹಾಕುವ ಕಬ್ಬಿಣಕ್ಕೆ ಆರ್‌ಸಿ ಯಾಕೆ? ಅದೇ ಮಾಡೆಲಿನ ಕದ್ದ ಕಾರಿಗೆ ನಿಮ್ಮ ಚಾಸಿಸ್ ನಂಬರ್ ಕೂರಿಸಿ ಓಡಿಸಲು ಆ ಕಾಗದ ಸಾಕು. ಮಾರಿದ್ದರೂ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಮೊದಲು ಇನ್ಶೂರೆನ್ಸ್. ಸರ್ವೇಯರ್ ಬಂದು ಫೋಟೊ ತೆಗೆಯುವವರೆಗೆ ಸ್ಟೆಪ್ನಿ ಕೂಡ ಬಿಚ್ಚಬೇಡಿ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದಿರುವ ಕಾರಿನ ಬೆಲೆ) ಶೇ. 75 ದಾಟಿದರೆ ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋದಂತೆಯೇ ಲೆಕ್ಕ. ಆಗ ಕಾರನ್ನು ಕಂಪನಿಗೇ ಬಿಟ್ಟು ಪೂರ್ತಿ ದುಡ್ಡು ತೆಗೆದುಕೊಳ್ಳಬಹುದು, ಇಲ್ಲವೇ ಸಾಲ್ವೇಜ್ ಬೆಲೆ (ಜಖಂ ಆದ ಸ್ಥಿತಿಯಲ್ಲಿ ಕಾರಿಗೆ ಕಟ್ಟಿದ ಬೆಲೆ) ಮುರಿದುಕೊಂಡು ಕಾರನ್ನು ನೀವೇ ಇಟ್ಟುಕೊಳ್ಳಬಹುದು. ಐಡಿವಿ 4 ಲಕ್ಷ, ಸಾಲ್ವೇಜ್ 90,000 ಎಂದುಕೊಳ್ಳಿ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಬರುವುದು 3,09,000. ಹೊರಗೆ 90,000ಕ್ಕಿಂತ ಹೆಚ್ಚು ಕೊಡುವವರು ಸಿಕ್ಕಿದರಷ್ಟೇ ಈ ದಾರಿ ಲಾಭ. ಬರೀ ಥರ್ಡ್ ಪಾರ್ಟಿ ಇದ್ದರೆ ಈ ಲೆಕ್ಕವೇ ಇಲ್ಲ, ಸ್ವಂತ ಕಾರಿಗೆ ಏನೂ ಬರುವುದಿಲ್ಲ.

ಪೊಲೀಸ್ ಕೇಸಾಗಿ ಕಾರು ಠಾಣೆಯಲ್ಲಿದ್ದರೆ ಕೋರ್ಟಿನಿಂದ ಬಿಡಿಸಿಕೊಳ್ಳದೆ ಮಾರುವಂತಿಲ್ಲ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕು.

ಬೆಲೆ ಕಟ್ಟುವಾಗ ಮೋಸ ಹೋಗುವುದು ತೂಕದ ಲೆಕ್ಕದಲ್ಲಿ. ಖಾಲಿ ಕಾರಿನ ತೂಕ ಆರ್‌ಸಿಯಲ್ಲೇ ಇರುತ್ತದೆ. ವೇಬ್ರಿಡ್ಜ್ ಚೀಟಿಯ ಜೊತೆ ಹೋಲಿಸಿ. ಆದರೆ ನಿಜವಾದ ದುಡ್ಡು ಬಿಡಿಭಾಗದಲ್ಲಿದೆ. ಮುಂಭಾಗ ಅಪ್ಪಚ್ಚಿಯಾಗಿದ್ದರೂ ಹಿಂದಿನ ಬಾಗಿಲು, ಡಿಕ್ಕಿ, ಸೀಟು, ಟೈರು ಚೆನ್ನಾಗಿರುತ್ತವೆ. ಎಂಜಿನ್, ಗೇರ್‌ಬಾಕ್ಸ್, ಎಸಿ ಕಂಪ್ರೆಸರ್, ಆಲ್ಟರ್ನೇಟರ್ ಒಂದೊಂದಕ್ಕೂ ಬೇರೆ ದರ ಕೇಳಿ. ಸೈಲೆನ್ಸರ್ ಸಾಲಿನ ಕ್ಯಾಟಲಿಟಿಕ್ ಕನ್ವರ್ಟರ್ ಬಗ್ಗೆ ಕೊಳ್ಳುವವರು ತಾವಾಗಿ ಬಾಯಿ ಬಿಡುವುದು ಕಡಿಮೆ. ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತವೆ.

ಮಳೆಗಾಲದಲ್ಲಿ ತಡಮಾಡಿದಷ್ಟೂ ನಷ್ಟ. ಗಾಜು ಒಡೆದ ಕಾರನ್ನು ಮೂಡಿಗೆರೆ, ಸಕಲೇಶಪುರದ ಮಳೆಗೆ ಬಿಟ್ಟರೆ ಸೀಟಿಗೆ ಬೂಷ್ಟು, ವೈರಿಂಗ್ ಕನೆಕ್ಟರಿಗೆ ಹಸಿರು ಕಿಲುಬು ಹಿಡಿದು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೆಡುತ್ತದೆ. ಸರ್ವೇಯರ್ ನೋಡಿಹೋದ ಮೇಲೆ ಬ್ಯಾಟರಿ ಕಳಚಿಟ್ಟು ಟಾರ್ಪಾಲು ಕಟ್ಟಿ. ಗ್ಯಾರೇಜಿನ ದಿನಬಾಡಿಗೆಯನ್ನೂ ಮೊದಲೇ ಮಾತಾಡಿಕೊಳ್ಳಿ.

ಕಾಗದಪತ್ರ ಎರಡು ಬಗೆ. ಕೊಂಡವರು ರಿಪೇರಿ ಮಾಡಿ ಓಡಿಸುವುದಾದರೆ ಆರ್‌ಸಿ ಅವರ ಹೆಸರಿಗೆ ಮಾಡಿಸಲು ಫಾರಂ 29 ಎರಡು ಪ್ರತಿ, ಜೊತೆಗೆ ಫಾರಂ 30. ಖಾಲಿ ಫಾರಮ್ಮಿಗೆ ಸಹಿ ಹಾಕಲೇಬೇಡಿ. ಕೊಳ್ಳುವವರ ಹೆಸರು, ದಿನಾಂಕ ಎದುರಿಗೇ ಬರೆಸಿ. ಒಡೆಯುವುದಾದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 55ರಂತೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಆರ್‌ಸಿ ಒಪ್ಪಿಸಿ ನೋಂದಣಿ ರದ್ದು ಮಾಡಿಸಬೇಕು. ಈ ಕಡೆಯ ಆರ್‌ಟಿಒ ಕಚೇರಿಗಳು: ಕೆಎ 13 ಹಾಸನ, ಕೆಎ 18 ಚಿಕ್ಕಮಗಳೂರು, ಕೆಎ 46 ಸಕಲೇಶಪುರ, ಕೆಎ 66 ತರೀಕೆರೆ. ಚಾಸಿಸ್ ನಂಬರ್ ಇರುವ ತಗಡನ್ನು ಕತ್ತರಿಸಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ, ಆರ್‌ಟಿಒ ಕೇಳಿದರೆ ಕೊಡಿ. ಹೊಸ ಕಾರಿನ ತೆರಿಗೆ ರಿಯಾಯಿತಿಗೆ ಬೇಕಾದ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಸಿಗುವುದು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರದಲ್ಲಿ ಮಾತ್ರ, ಊರಿನ ಗುಜರಿ ಅಂಗಡಿಯಲ್ಲಲ್ಲ.

ಕ್ರೇನ್ ಬರುವ ಮುಂಚೆ ಫಾಸ್ಟ್ಯಾಗ್ ಕಿತ್ತು ಖಾತೆ ಮುಚ್ಚಿಸಿ. ಗುಜರಿಗೆ ಹೋಗುವ ಕಾರಾದರೆ ನಂಬರ್ ಪ್ಲೇಟೂ ಬಿಚ್ಚಿಡಿ. ದುಡ್ಡು ಬ್ಯಾಂಕಿಗೆ ಬಿದ್ದ ಮೇಲೆಯೇ ಕೀ ಕೊಡಿ.