ಹೈವ್‌ನಲ್ಲಿ ಓಟಿನ ಕೂಟ ಪತ್ತೆ ಮಾಡುವುದು ಹೇಗೆ

ಕೋಲಾರದ ಮಾರ್ಕೆಟ್‌ನಲ್ಲಿ ಟೊಮೆಟೊ ಹರಾಜಿಗೆ ಮಾಲಿನವನ ಕಡೆಯವನೇ ನಿಂತು ಸುಳ್ಳು ಕೂಗು ಹಾಕಿದರೆ, ಆ 15 ಕೆಜಿ ಬಾಕ್ಸುಗಳನ್ನು ಕೊಂಡವನೊಬ್ಬನಿಗೆ ಏಟು. ಹೈವ್ ಅಂದರೆ ಬರಹಕ್ಕೆ ಬೀಳುವ ಓಟಿನ ಮೇಲೆ ಕ್ರಿಪ್ಟೊ ಟೋಕನ್ ಕೊಡುವ ಬ್ಲಾಕ್‌ಚೈನ್ ತಾಣ, ಅಲ್ಲಿ ಹಾಗಲ್ಲ. ಅಲ್ಲಿ ಹೊಸದಾಗಿ ಹುಟ್ಟುವ ಟೋಕನ್‌ಗಳಲ್ಲಿ ನೂರಕ್ಕೆ 65 ಪಾಲು ಒಂದೇ ಹುಂಡಿಗೆ ಬೀಳುತ್ತದೆ. ಬರೆದವರಿಗೂ ಓಟು ಹಾಕಿದವರಿಗೂ ಅದರಿಂದಲೇ ದುಡ್ಡು. ಒಬ್ಬ ಬಾಚಿಕೊಂಡಷ್ಟೂ ಉಳಿದ ಎಲ್ಲರ ಪಾಲು ಕರಗುತ್ತದೆ. ಶಿಡ್ಲಘಟ್ಟ, ಕೋಲಾರ, ತಿಪಟೂರಿನ ಕಡೆಯಿಂದ ಕನ್ನಡದಲ್ಲಿ ಬರೆಯುವವರು ಒಬ್ಬರಿಗೊಬ್ಬರು ಓಟು ಹಾಕಿಕೊಳ್ಳುವ ಗುಂಪು, ಅಂದರೆ ಕೂಟ, ಕಟ್ಟುವ ಮುಂಚೆ ಇದನ್ನು ಯೋಚಿಸಬೇಕು.

ಓಟಿನ ತೂಕ ಹೈವ್ ಪವರ್‌ನದು (ಖಾತೆಯಲ್ಲಿ ಲಾಕ್ ಮಾಡಿಟ್ಟ ಟೋಕನ್), ತಲೆಗಳದ್ದಲ್ಲ. ಒಂದು ಖಾತೆಯ ಪವರನ್ನು ಹತ್ತು ಖಾತೆಗೆ ಹಂಚಿದರೆ ದುಡ್ಡು ಹೆಚ್ಚುವುದಿಲ್ಲ, ಹತ್ತು ಜನ ಮೆಚ್ಚಿದ ಹಾಗೆ ಕಾಣುತ್ತದೆ ಅಷ್ಟೆ. ಒಂದು 100%, ಅಂದರೆ ಪೂರ್ತಿ ಬಲದ, ಓಟಿಗೆ ಇರುವ ಶಕ್ತಿಯಲ್ಲಿ 2% ಖರ್ಚು, ದಿನಕ್ಕೆ 20% ಮತ್ತೆ ತುಂಬುತ್ತದೆ. ಅಂದರೆ ದಿನಕ್ಕೆ ಹತ್ತು ಪೂರ್ತಿ ಓಟು.

ಅನುಮಾನ ಬಂದ ಖಾತೆಯನ್ನು ಒಂದು ಪೋಸ್ಟ್ ನೋಡಿ ಅಳೆಯಬೇಡಿ. ಹೈವ್‌ನ ದಾಖಲೆ ತೋರಿಸುವ ಪೀಕ್‌ಡಿ, ಹೈವ್‌ಬ್ಲಾಕ್ಸ್‌ನಂಥ ತಾಣದಲ್ಲಿ ಅದರ ಇತಿಹಾಸ ತೆರೆದು, 30 ದಿನದ ಓಟುಗಳನ್ನು ಶೀಟಿಗೆ ಇಳಿಸಿ: ಯಾರಿಗೆ, ಎಷ್ಟು ಶೇಕಡಾ, ಪೋಸ್ಟ್ ಬಂದು ಎಷ್ಟು ಹೊತ್ತಿಗೆ. ಓಟುಗಳನ್ನು ಎಣಿಸಬೇಡಿ, ಶೇಕಡಾ ಕೂಡಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಒಬ್ಬ ದಿನಕ್ಕೆ ಹತ್ತು ಜನ ಹೊರಗಿನವರಿಗೆ 1%, ತನ್ನ ಮೂವರಿಗೆ 100% ಹಾಕುತ್ತಾನೆ ಅನ್ನಿ. ಎಣಿಸಿದರೆ ಹೊರಗಿನವರಿಗೆ 300 ಓಟು, ಮೂವರಿಗೆ 90, ಧಾರಾಳಿ ಅನಿಸುತ್ತಾನೆ. ಕೂಡಿಸಿದರೆ ಹೊರಗಿನವರಿಗೆ 300, ಮೂವರಿಗೆ 9,000. ಈಗ ಆ ಮೂವರ ಶೀಟನ್ನೂ ಹೀಗೇ ಮಾಡಿ. ಅಷ್ಟೇ ಭಾರ ವಾಪಸ್ ಬರುತ್ತಿದ್ದರೆ ಅದು ಕೂಟ.

ವಾಲೆಟ್ ಇತಿಹಾಸವನ್ನೂ ಬಿಡಬೇಡಿ. ಹಣದ ಜೊತೆ ಕಳಿಸಿದ ಮೆಮೊದಲ್ಲಿ (ಚಿಕ್ಕ ಟಿಪ್ಪಣಿ) ಪೋಸ್ಟಿನ ಲಿಂಕ್ ಇದ್ದು, ಸ್ವಲ್ಪ ಹೊತ್ತಿಗೆ ಆ ಪೋಸ್ಟಿಗೇ ದೊಡ್ಡ ಓಟು ಬಿದ್ದಿದ್ದರೆ ಅದು ಕೊಂಡ ಓಟು.

ಆದರೆ ದಿನಾ ಐದನೇ ನಿಮಿಷಕ್ಕೆ ಸರಿಯಾಗಿ ಓಟು ಬಿದ್ದರೆ ಅದು ಆ್ಯಪ್ ತಾನಾಗಿ ಹಾಕುವ ಆಟೊ ಓಟು ಇರಬಹುದು, ಮೋಸವೇ ಅನ್ನಲಾಗದು. ಕಾಮೆಂಟ್ ಓದಿ. ಹಣ್ಣಾದ ರೇಷ್ಮೆ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದರ ಬಗ್ಗೆ ಬರೆದಿದ್ದಕ್ಕೆ ಕೂಟದವರೆಲ್ಲ ಬರೀ 'ಸೂಪರ್' ಅಂದಿದ್ದಾರೆಯೇ, ಯಾರಾದರೂ ಬಿಸಿಲು, ತೇವದ ಬಗ್ಗೆ ಕೇಳಿದ್ದಾರೆಯೇ? ನಮ್ಮ ಮಟ್ಟಿಗೆ ಇದು ಯಾವ ಅಂಕಿಗಿಂತಲೂ ನಂಬಿಕೆಯ ಗುರುತು.

ಕೂಟವೆಂದು ಖಚಿತವಾದರೆ ಮೊದಲು ಅವರ ಪೋಸ್ಟಿನ ಕೆಳಗೇ ಲೆಕ್ಕ ಹಾಕಿ ಕೇಳಿ. ಬದಲಾಗದಿದ್ದರೆ ಡೌನ್‌ವೋಟ್, ಅಂದರೆ ಪೋಸ್ಟಿನ ದುಡ್ಡು ಇಳಿಸುವ ಓಟು. ಅದಕ್ಕೆ ಓಟಿನ ಶಕ್ತಿಯ 25%ರಷ್ಟು ಬೇರೆಯೇ ಉಂಟು, ಅದು ಮುಗಿಯುವ ತನಕ ನಿಮ್ಮ ಅಪ್‌ವೋಟಿಗೆ ಕೈ ಬೀಳದು. ದುಡ್ಡು ಬಟವಾಡೆಯಾಗುವುದು 7 ದಿನಕ್ಕೆ. ಕೊನೇ ಗಂಟೆಗಳಿಗೆ ಬಿಟ್ಟರೆ ಬರೆದವರಿಗೆ ಉತ್ತರ ಹೇಳಲು ಸಮಯವೇ ಇರುವುದಿಲ್ಲ, ಅದು ಅನ್ಯಾಯ. ಸೊನ್ನೆಗೆ ಇಳಿಸಬೇಡಿ, 10–20% ಹಾಕಿ ಮೊತ್ತ ಎಷ್ಟಕ್ಕೆ ಇಳಿಯಿತು ನೋಡಿಕೊಂಡು ನಿಲ್ಲಿಸಿ. ದೊಡ್ಡ ಖಾತೆ ಸೇಡಿಗೆ ನಿಮ್ಮ ಪೋಸ್ಟುಗಳನ್ನೂ ಇಳಿಸಬಹುದು, ಅದಕ್ಕೇ ನಾಲ್ಕೈದು ಜನ ಕಾರಣ ಬರೆದೇ ಹಾಕಿ.

ಆಟೊ ಓಟಿಗೆ ನೀವೇ ಯಾವುದಾದರೂ ಆ್ಯಪಿಗೆ ಪೋಸ್ಟಿಂಗ್ ಅಧಿಕಾರ (ನಿಮ್ಮ ಪರವಾಗಿ ಪೋಸ್ಟ್, ಓಟು ಹಾಕುವ ಅನುಮತಿ) ಕೊಟ್ಟಿದ್ದರೆ ಅನುಮತಿ ಪಟ್ಟಿ ತೆರೆದು ತೆಗೆದುಹಾಕಿ. ತೆಗೆಯಲು ಆ್ಯಕ್ಟಿವ್ ಕೀ ಬೇಕು, ಹಣ ಕಳಿಸಲೂ ಬೇಕಾದ ಗುಟ್ಟಿನ ಕೀ ಅದೇ. ಅದನ್ನು ಆ ಆ್ಯಪಿನ ಪುಟದಲ್ಲಿ ಹಾಕಲೇಬೇಡಿ, ಕೀಗಳನ್ನು ಕಾಪಾಡಿಡುವ ಹೈವ್ ಕೀಚೈನ್ ಮೂಲಕವೇ ಮಾಡಿ.